ಒತ್ತಿಗೆ ಸ್ವಲ್ಪ ಜಾಗ ಬಿಡಿ ಸ್ವಾಮಿ

ಹೋದ ತಿಂಗಳು ನಮ್ಮ ಆಪ್‌ನ ಕನ್ನಡ ಆವೃತ್ತಿ ಟೆಸ್ಟಿಂಗ್‌ಗೆ ಬಂತು. ಬಟನ್ ಮೇಲೆ ‘ರಾಷ್ಟ್ರೀಯ’ ಅಂತ ಇರಬೇಕು. ಟ ಒತ್ತು ಅರ್ಧ ಕಾಣ್ತಿತ್ತು, ಅದರ ಕೆಳಗಿನ ರ ಒತ್ತು ಪೂರ್ತಿ ಮಾಯ. ಬಗ್ ಹಾಕಿದೆ. ಡಿಸೈನರ್ ಹುಡುಗಿ, ವಿಜಯನಗರದಲ್ಲೇ ಹುಟ್ಟಿ ಬೆಳೆದವಳು, ಕೆಲಸದಲ್ಲಿ ಚುರುಕು, ಬಂದು ಕೇಳಿದಳು: “ಫಾಂಟ್ ಚಿಕ್ಕದು ಮಾಡಿದ್ರೆ ಸಾಕಲ್ವಾ?”

ಸಾಲದು ಕಣಮ್ಮ. ಸಾಲಿನ ಎತ್ತರ ಇಂಗ್ಲಿಷ್ ಲೆಕ್ಕದಲ್ಲಿ ಇಟ್ಟಿದೀಯ.

ನಾಲ್ಕು ವರ್ಷ ಡಿಸೈನ್ ಓದಿದವಳು. ಗುಟೆನ್‌ಬರ್ಗ್, ಬೊಡೋನಿ, ಹೆಲ್ವೆಟಿಕಾ ಎಲ್ಲ ಬಾಯಿಪಾಠ. ಕನ್ನಡದ ಅಚ್ಚುಮೊಳೆ ಬಗ್ಗೆ ಒಂದು ಗಂಟೆಯ ಪಾಠವೂ ಆಗಿರಲಿಲ್ಲವಂತೆ. ತಪ್ಪು ಅವಳದ್ದಲ್ಲ, ಸಿಲಬಸ್ ಬರೆದವರದ್ದು.

ಪಾಠಕ್ಕೆ ಸರಕಿಲ್ಲ ಅನ್ನೋ ಹಾಗೂ ಇಲ್ಲ. 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಗಿದ್ದು ಎಲ್ಲೋ ಬಂಗಾಳದ ಶ್ರೀರಾಂಪುರದಲ್ಲಿ. 1843ರಲ್ಲಿ ಮೋಗ್ಲಿಂಗ್ ಮಂಗಳೂರಲ್ಲಿ ‘ಮಂಗಳೂರ ಸಮಾಚಾರ’ ತಂದಾಗ ಅದು ಮೊಳೆಯಲ್ಲಲ್ಲ, ಕಲ್ಲಚ್ಚಿನಲ್ಲಿ ಬಂತು. ಕಲ್ಲಚ್ಚಲ್ಲಿ ಕೈಬರಹವೇ ಅಚ್ಚಾಗುತ್ತೆ, ಒತ್ತು ತನಗೆ ಬೇಕಾದಲ್ಲಿ ಕೂರುತ್ತೆ. ಸೀಸದ ಮೊಳೆಯಲ್ಲಿ ಪ್ರತಿ ಒತ್ತಿಗೂ ಜಾಗ ಮೊದಲೇ ಲೆಕ್ಕ ಹಾಕಬೇಕು. ಇದಿಷ್ಟನ್ನೇ ಇಟ್ಟುಕೊಂಡು ಒಂದು ವಾರ ಪಾಠ ಮಾಡಬಹುದು! 1894ರ ಕಿಟೆಲ್ ನಿಘಂಟು ತಗೊಳ್ಳಿ. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್, ಸಾವಿರದೇಳುನೂರಕ್ಕೂ ಹೆಚ್ಚು ಪುಟ, ಒಂದೇ ಸಾಲಲ್ಲಿ ಕನ್ನಡವೂ ಇಂಗ್ಲಿಷೂ. ನಮ್ಮ ಬಟನ್ನಿನ ಸಮಸ್ಯೆಯನ್ನ ಆ ಮೊಳೆ ಜೋಡಿಸೋರು ಪುಟಪುಟಕ್ಕೂ ಬಿಡಿಸಿದ್ದಾರೆ. ಕೆ.ಪಿ. ರಾವ್ ಹೆಸರು? ದಿನಾ ಅವರ ಕೀಲಿಮಣೆ ಕುಟ್ಟುವ ನಮ್ಮಲ್ಲೇ ಎಷ್ಟು ಜನಕ್ಕೆ ಗೊತ್ತು ಬಿಡಿ.

ನಮ್ಮೂರ ಹತ್ತಿರದ ಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕೋ ಪ್ರೆಸ್ಸಿತ್ತು. ಹೈಸ್ಕೂಲು ಮುಗಿಸದ ಅಣ್ಣ ಒಬ್ಬರು ಉಲ್ಟಾ ಮೊಳೆ ಓದಿ, ಖಾನೆ ನೋಡದೆ ಒತ್ತು ಆರಿಸ್ತಿದ್ದರು. ಬಿಇ ಮಾಡಿದ ನನಗೆ ಒತ್ತಿಗೆ ಜಾಗ ಬೇಕು ಅನ್ನೋದು ಹೊಳೆದಿದ್ದು ಮೂವತ್ತು ದಾಟಿದ ಮೇಲೆ.

“ಗ್ಲೋಬಲ್ ಕೆರಿಯರ್‌ಗೆ ಕನ್ನಡ ಮೊಳೆ ಯಾಕೆ?” ಅಂತಾರೆ. ಸರಿ, ಕೊಲ್ಕತ್ತದಿಂದ ಬಂದವನು ಬಂಗಾಳಿಯದ್ದು ಓದಲಿ, ಸೇಲಂನವಳು ತಮಿಳಿನದ್ದು. ಯಾವ ಲಿಪಿಯೂ ಬೇಡ, ರೋಮನ್ ಒಂದೇ ಸಾಕು ಅಂದರೆ ಅದು ಗ್ಲೋಬಲ್ ಅಲ್ಲ ಕಣ್ರೀ, ಯುರೋಪಿನ ಲೋಕಲ್.

ಮೇಷ್ಟ್ರುಗಳೇ, ಸ್ಲೈಡ್ ಒಂದು ದಿನ ಬಂದ್ ಮಾಡಿ. ಮಕ್ಕಳನ್ನ ರಾಜಾಜಿನಗರದ ಯಾವುದಾದರೂ ಹಳೇ ಪ್ರೆಸ್ಸಿಗೆ ಕರ್ಕೊಂಡು ಹೋಗಿ. ಮೊಳೆ ಜೋಡಿಸಿದ ಕೈ ಇನ್ನೂ ಅಲ್ಲಿ ಇಲ್ಲಿ ಸಿಗುತ್ತೆ. ‘ರಾಷ್ಟ್ರೀಯ’ ಹೇಗೆ ಜೋಡಿಸೋದು ಅಂತ ಕೇಳಲಿ.