ಅಳಿಸಿದ ಅಕ್ಷರ

ಗೆಳೆಯನ ಪಾಸ್‌ವರ್ಡ್ ಕದ್ದು, ಅವನ ಹೆಸರಿನಲ್ಲಿ ಸಹಪಾಠಿನಿಯೊಬ್ಬಳಿಗೆ ಹೀನ ಮಾತು ಬರೆದಿದ್ದ ನಮ್ಮ ಪಿ.ಯು.ಸಿ. ಹುಡುಗನೊಬ್ಬ, "ತಮಾಷೆಗೆ ಸಾರ್, ಆಗಲೇ ಅಳಿಸಿಬಿಟ್ಟೆ" ಎಂದ. ಬರೆಯದ ಮಾತಿನ ಅಪವಾದ ಹೊತ್ತ ಆ ಗೆಳೆಯ ಮೂರು ದಿನದಿಂದ ತರಗತಿಗೆ ಬಂದಿರಲಿಲ್ಲ.

ಯಾರ ಹೆಸರನ್ನೂ ಎತ್ತದೆ, ಹಳಗನ್ನಡವನ್ನು ಬದಿಗಿಟ್ಟು, ಅಂದು ಕಾನೂನನ್ನೇ ಪಾಠ ಮಾಡಿದೆ. ಪರರ ಪಾಸ್‌ವರ್ಡನ್ನು ವಂಚನೆಯಿಂದ ಬಳಸಿದವರಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಕಲಮಿನಂತೆ 3 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿಯವರೆಗೆ ದಂಡ.

"66ಎ ರದ್ದಾಯಿತಲ್ಲ, ಸಾರ್?" ಎಂದನೊಬ್ಬ ಜಾಣ. (ಇಂಥವರು ಪರೀಕ್ಷೆಯಲ್ಲೇಕೋ ಮೌನಿಗಳು!) ನಿಜ, 2015ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಗೊಳಿಸಿತು, 66ಸಿ ಹಾಗೆಯೇ ಉಳಿದಿದೆ. ಹದಿನೆಂಟು ತುಂಬದವರ ವಿಚಾರಣೆ ಬಾಲನ್ಯಾಯ ಮಂಡಳಿಯ ಮುಂದೆ ನಡೆಯುವುದೆಂದರೆ, ವಿಚಾರಣೆಯೇ ಇಲ್ಲವೆಂದಲ್ಲ.

ಸಂಜೆ ಆ ಹುಡುಗ ಬಂದು ತಲೆತಗ್ಗಿಸಿ ನಿಂತ.

"ಮೊದಲು ಯಾರ ಮನೆಗೆ ಹೋಗಲಿ, ಸಾರ್?"