ನಂಬಿಕೆ ಮತ್ತು ನಿತ್ಯದ ದುಡಿಮೆ

ಭಾನುವಾರದ ನಂಬಿಕೆ ಸೋಮವಾರ ಕೆಲಸದ ಜಾಗಕ್ಕೂ ಬರಬೇಕೆ? ಬರುವುದಾದರೆ ಯಾವ ರೂಪದಲ್ಲಿ? ಕ್ರೈಸ್ತ ಮಿತ್ರರ ನಡುವೆ ಈ ಪ್ರಶ್ನೆ ಆಗಾಗ ಏಳುವುದುಂಟು. ಮೇಜಿನ ಮೇಲೆ ಬೈಬಲ್ ಇಡುವುದು, ಕೆಲಸಕ್ಕೆ ಮೊದಲು ಪ್ರಾರ್ಥಿಸುವುದು, ಜೊತೆಯವರಿಗೆ ಎರಡು ಮಾತು ಹೇಳುವುದು ಎಂದು ಹಲವರು ಉತ್ತರಿಸುತ್ತಾರೆ. ನನಗೆ ಈ ಉತ್ತರ ಸಾಲದು. ಗೋಡೆಯ ಮೇಲೆ ದೇವರ ಪಟ, ಊದುಬತ್ತಿಯ ಘಮ, ಕೆಳಗೆ ಮೂರು ತಿಂಗಳಿಂದ ಕದಲದ ಕಡತ: ಇದನ್ನು ಕಾಣದವರು ಯಾರು? ಪಟ ಯಾವ ದೇವರದಾದರೂ ಕಡತದ ಪಾಡು ಒಂದೇ.

ಯೇಸು ಬಡಗಿ, ಪೌಲನು ಗುಡಾರ ಮಾಡುವ ಕಸುಬಿನವನು. ಬಸವಣ್ಣನವರ ಕಾಯಕದ ನಾಡಿನಲ್ಲಿ ಬೆಳೆದ ನಮಗೆ ಇದು ಅಪರಿಚಿತ ವಿಚಾರವಲ್ಲ. ನಮ್ಮ ನಾಡಿನಲ್ಲೇ ಇದು ಒರೆಗೆ ಹತ್ತಿದ್ದೂ ಉಂಟು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಿಗೆ ಬರಿಯ ಉಪದೇಶದಿಂದ ಕೆಲಸ ನಡೆಯದೆಂಬುದು ಬೇಗನೆ ತಿಳಿಯಿತು. ದೀಕ್ಷೆ ಪಡೆದವನಿಗೆ ಎಷ್ಟೋ ಸಲ ಮನೆಯೂ ತಪ್ಪುತ್ತಿತ್ತು, ಕುಲದ ಕಸುಬೂ ತಪ್ಪುತ್ತಿತ್ತು. ಹೊಟ್ಟೆಗೇನು ಗತಿ? ಅದಕ್ಕಾಗಿ ಅಚ್ಚುಕೂಟ, ನೇಯ್ಗೆಯ ಶಾಲೆ, 1865ರಲ್ಲಿ ಪ್ಲೆಬ್ಸ್ಟ್ ಆರಂಭಿಸಿದ ಹೆಂಚಿನ ಕಾರ್ಖಾನೆ. ‘ಮಂಗಳೂರು ಹೆಂಚು’ ಎಂಬ ಹೆಸರು ಊರೂರಿಗೆ ಹಬ್ಬಿತು. ಅದರ ಕೆಳಗೆ ಮಲಗಿದವರು ಹೆಂಚಿನ ಮತ ಯಾವುದೆಂದು ಕೇಳಲಿಲ್ಲ, ಸೋರದಿದ್ದರೆ ಸಾಕಾಗಿತ್ತು.

ಆದರೆ ಈ ಏರ್ಪಾಡಿನಲ್ಲಿ ಒಂದು ತೊಡಕಿತ್ತು. ಉಪದೇಶಿಯೂ ಮಿಷನ್ನಿನವನೇ, ಧಣಿಯೂ ಮಿಷನ್ನಿನವನೇ. ಕೂಲಿ ಸಾಲದೆಂದು ಹೇಳಬೇಕಾದವನು ತನ್ನ ಗುರುವಿನ ಎದುರಿಗೇ ಹೇಳಬೇಕು. ಅನ್ನವೂ ಆತ್ಮವೂ ಒಂದೇ ಕೈಯಲ್ಲಿದ್ದರೆ ಬಡವನ ಬಾಯಿ ತಾನಾಗಿ ಮುಚ್ಚುತ್ತದೆ. ಆದುದರಿಂದ ಮೇಲಧಿಕಾರಿಯು ಕೆಲಸದ ಜಾಗದಲ್ಲಿ ಪ್ರಾರ್ಥನೆ ಏರ್ಪಡಿಸುವುದನ್ನು ನಾನು ಒಪ್ಪಲಾರೆ. ಅವನ ಧರ್ಮ ಹಾಜರಿಪಟ್ಟಿಯಲ್ಲಿ, ಸಂಬಳದ ಲೆಕ್ಕದಲ್ಲಿ ಕಾಣಲಿ.

ಅದೇ ಮಿಷನ್ನಿನ ಕಿಟ್ಟೆಲರು ತೋರಿದ ದಾರಿ ನನಗೆ ಹೆಚ್ಚು ಹಿಡಿಸುತ್ತದೆ. 1853ರಲ್ಲಿ ಭಾರತಕ್ಕೆ ಬಂದ ಈ ಪಾದ್ರಿ 1872ರಲ್ಲಿ ಸಂಪಾದಿಸಿದ್ದು ಕೇಶಿರಾಜನ ಶಬ್ದಮಣಿದರ್ಪಣವನ್ನು. ಅದು ಜೈನ ಕವಿಯ ವ್ಯಾಕರಣ. ಬಳಿಕ ನಾಗವರ್ಮನ ಛಂದೋಂಬುಧಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಶಿವನ ಹೆಸರುಗಳೂ ಇವೆ, ಜಿನನ ಹೆಸರುಗಳೂ ಇವೆ, ಬಾಯಿಂದ ಬಾಯಿಗೆ ಬಂದ ಗಾದೆಗಳೂ ಇವೆ. ತನ್ನ ಮತದ ಮಾತಿಗೆ ಎಷ್ಟು ಶ್ರದ್ಧೆಯೋ ಪರಮತದ ಮಾತಿಗೂ ಅಷ್ಟೇ. ನಮ್ಮ ಗ್ರಂಥಾಲಯಗಳಲ್ಲಿ ಅದನ್ನು ತೆರೆಯುವವರಲ್ಲಿ ಬಹುಪಾಲು ಜನ ಕ್ರೈಸ್ತರಲ್ಲ. ಅವರೆಲ್ಲರಿಗೂ ಒಬ್ಬ ಕ್ರೈಸ್ತನ ದುಡಿಮೆ ಸಲ್ಲುತ್ತಿದೆ.

ಇಷ್ಟಾದರೂ ಕಿಟ್ಟೆಲರ ಕೆಲಸದಲ್ಲಿ ಪ್ರಾಮಾಣಿಕನಾಗಿರುವುದು ಕಷ್ಟಸಾಧ್ಯವಷ್ಟೇ, ಅಪಾಯಕರವಲ್ಲ. ನಮ್ಮ ಸೀಮೆಯ ಕೆಲಸಗಳು ಹಾಗಲ್ಲ. ಬಳ್ಳಾರಿ ಜಿಲ್ಲೆಯ ಅಕ್ರಮ ಗಣಿಗಾರಿಕೆಯನ್ನು ಕುರಿತು 2011ರಲ್ಲಿ ಲೋಕಾಯುಕ್ತರ ವರದಿ ಬಂದಿತು. ಮಿತಿಮೀರಿ ತುಂಬಿದ ಲಾರಿಗಳು, ರಹದಾರಿಯಿಲ್ಲದೆ ಸಾಗಿದ ಅದಿರು ಎಲ್ಲವೂ ಅದರಲ್ಲಿ ಬಯಲಾಯಿತು. ಅದಿರು ತಾನಾಗಿ ಬಂದರಿಗೆ ನಡೆದುಹೋಗಲಿಲ್ಲ. ಯಾರೋ ತೂಕ ಬರೆದರು, ಯಾರೋ ಮೊಹರು ಒತ್ತಿದರು, ಯಾರೋ ಗೇಟು ತೆರೆದರು. ಅವರೆಲ್ಲ ದೇವರಿಲ್ಲದವರೇನೂ ಆಗಿರಲಿಕ್ಕಿಲ್ಲ.

ನಮ್ಮಲ್ಲಿ ಕೆಲವರು ನಾಳೆ ಸಂಡೂರಿನ ಯಾವುದೋ ತೂಕದ ಸೇತುವೆಯ ಬಳಿ ಗುಮಾಸ್ತರಾಗಿ ಕೂರಬಹುದು. ಅಂತಹ ಒಬ್ಬ ಕ್ರೈಸ್ತ ತರುಣನು ಸರಿಯಾದ ತೂಕವನ್ನೇ ಬರೆದನೆನ್ನಿ. ಮರುದಿನವೇ ನೌಕರಿ ಹೋಯಿತೆನ್ನಿ. ಮುಂದಿನ ಭಾನುವಾರ ಅವನ ಸಭೆ ಅವನಿಗಾಗಿ ಪ್ರಾರ್ಥಿಸುವುದು ಖಂಡಿತ. ಅಷ್ಟಕ್ಕೇ ಕೈ ತೊಳೆದುಕೊಳ್ಳುತ್ತದೆಯೋ, ಕುಲದ ಕಸುಬು ಕಳೆದುಕೊಂಡವರಿಗೆ ಮಂಗಳೂರಿನ ಮಿಷನ್ನಿನವರು ಮಾಡಿದಂತೆ ಇನ್ನೊಂದು ಕೆಲಸ ಹುಡುಕಿಕೊಡುತ್ತದೆಯೋ? ನಂಬಿಕೆಯನ್ನು ಕೆಲಸಕ್ಕೆ ಒಯ್ಯಿರೆಂದು ತರುಣರಿಗೆ ಬೋಧಿಸುವ ಹಿರಿಯರು ಈ ಪ್ರಶ್ನೆಗೆ ಮೊದಲು ಉತ್ತರ ಕೊಡಲಿ.