ಸೊಂಟದ ಅಳತೆಯ ಕಾಲಂ ಖಾಲಿ ಬಿಡಬೇಡಿ

ಮೂವತ್ತು ದಾಟಿದವರ ಹೆಸರಲ್ಲಿ ನಾವು ಆಶಾ ಕಾರ್ಯಕರ್ತೆಯರು ತುಂಬುವ ಫಾರ್ಮಿನಲ್ಲಿ ಸೊಂಟದ ಸುತ್ತಳತೆಗೊಂದು ಕಾಲಂ ಇದೆ. ವಯಸ್ಸು, ಬೀಡಿ, ಗುಟ್ಕಾ, ಕುಡಿತ, ಮನೆತನದ ಬಿಪಿ-ಶುಗರ್ ಇವನ್ನೆಲ್ಲ ಕೇಳಿ ಬರೆದುಕೊಳ್ಳಬಹುದು. ಸೊಂಟವನ್ನು ಟೇಪು ಹಿಡಿದೇ ಅಳೆಯಬೇಕು. ಅಂಜನಾಪುರದ ಸುತ್ತಿನ ಮನೆಗಳಲ್ಲಿ ಶುಗರ್ ನೋಡಲು ಬೆರಳು ಚಾಚುವವರು ಟೇಪು ಕಂಡರೆ ಹಿಂದೆ ಸರಿಯುತ್ತಾರೆ. ಹೆಂಗಸರಿಗೆ ಸಂಕೋಚ. ಗಂಡಸರು, “ನಂದು ಮೂವತ್ತಾರರ ಪ್ಯಾಂಟು, ಅದನ್ನೇ ಬರ್ಕೊಳಕ್ಕ” ಅನ್ನುತ್ತಾರೆ. ಪ್ಯಾಂಟು ನಿಲ್ಲುವುದು ಹೊಟ್ಟೆಯ ಕೆಳಗೆ. ಅಳೆಯಬೇಕಾದ್ದು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ.

ಆ ಕಾಲಮ್ಮಿಗೆ ಯಾಕಿಷ್ಟು ಬೆಲೆ? ಗಾಯವಾದಾಗ ಫೈಬ್ರಿನೋಜನ್ ಎಂಬ ಪ್ರೋಟೀನು ನೂಲುನೂಲಾಗಿ ಹೆಣೆದುಕೊಂಡು ರಕ್ತ ಹೆಪ್ಪುಗಟ್ಟಿಸುತ್ತದೆ. ಕೆಲಸ ಮುಗಿದ ಮೇಲೆ ಹೆಪ್ಪನ್ನು ಕರಗಿಸುವ ವ್ಯವಸ್ಥೆಯೂ ದೇಹದಲ್ಲೇ ಇದೆ. ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆ ಇದ್ದವರಲ್ಲಿ ಎರಡೂ ಏರುಪೇರಾಗುತ್ತವೆ. ಫೈಬ್ರಿನೋಜನ್ ಹೆಚ್ಚುತ್ತದೆ; ಕರಗುವುದಕ್ಕೆ ಅಡ್ಡಗಾಲು ಹಾಕುವ ಪಿಎಐ-1 ಎಂಬ ಪ್ರೋಟೀನೂ ಏರುತ್ತದೆ. ಅದನ್ನು ತಯಾರಿಸುವುದರಲ್ಲಿ ಬೊಜ್ಜಿನದೇ ಕೈವಾಡವಿದೆ. ನಮ್ಮ ಜಲಾಶಯದ ನಾಲೆಯಲ್ಲಿ ಕಸ ಕಟ್ಟಿದೆ, ಬಿಡಿಸಲು ಹೊರಟ ನೀರುಗಂಟಿಯನ್ನು ಯಾರೋ ಏರಿಯ ಮೇಲೇ ತಡೆದು ನಿಲ್ಲಿಸಿದ್ದಾರೆ ಎಂದುಕೊಳ್ಳಿ. ಹೃದಯದ ರಕ್ತನಾಳದಲ್ಲಿ ಆಗುವುದೂ ಅದೇ.

ಸೊಂಟ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮುಟ್ಟುವುದು, ಬಿಪಿ 130/85, ಖಾಲಿ ಹೊಟ್ಟೆಯ ಸಕ್ಕರೆ 100, ಟ್ರೈಗ್ಲಿಸರೈಡ್ 150 ತಲುಪುವುದು, ಒಳ್ಳೆಯ ಕೊಲೆಸ್ಟ್ರಾಲ್ ಕುಗ್ಗುವುದು: ಈ ಐದರಲ್ಲಿ ಮೂರಿದ್ದರೆ ಮೆಟಬಾಲಿಕ್ ಸಿಂಡ್ರೋಮ್. ಹಾಗಾಗಿ “ಶುಗರ್ ಬಾರ್ಡರ್ ಅಷ್ಟೇ” ಎಂದು ನೆಮ್ಮದಿಯಾಗಿ ಇರುವವರ ಬಗ್ಗೆಯೇ ನನಗೆ ಹೆಚ್ಚು ಚಿಂತೆ. ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ದೇಶದಲ್ಲಿ ಅಂಥವರು 13.6 ಕೋಟಿ. ಪಿಎಐ-1 ಅಳೆಯುವ ದುಬಾರಿ ಪರೀಕ್ಷೆ ಹಳ್ಳಿಗೆ ಬೇಕಿಲ್ಲ. ಟೇಪು ಸಾಕು. ತೂಕ ಇಳಿದರೆ ಪಿಎಐ-1 ಕೂಡ ಇಳಿಯುತ್ತದೆ.

ಇನ್ನೊಂದು ಮಾತು. ಸಕ್ಕರೆ ಕಾಯಿಲೆಯವರಿಗೆ ಹೃದಯಾಘಾತದಲ್ಲಿ ಎದೆ ನೋಯದೆಯೂ ಇರಬಹುದು. ಬೆವರು, ಏದುಸಿರು, ಸುಸ್ತು ಕಂಡಾಗ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಬೆಳಗಿನವರೆಗೆ ಕಾಯಬೇಡಿ. ತಕ್ಷಣ ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಿರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ಪಿಎಐ-1ರ ತಡೆಗೆ ಸುಲಭವಾಗಿ ಬಗ್ಗದಂತೆಯೇ ಅದನ್ನು ರೂಪಿಸಿದ್ದಾರೆ. ಆದರೆ ತಡವಾದಷ್ಟೂ ಅದರ ಪ್ರಯೋಜನ ಕಡಿಮೆ.

ಆರೋಗ್ಯ ಇಲಾಖೆಗೆ ನನ್ನ ಕೋರಿಕೆ: ಫಾರ್ಮು ಎಷ್ಟು ತುಂಬಿದಿರಿ ಎಂದು ಕೇಳುವ ಜೊತೆಗೆ, ಸೊಂಟವನ್ನು ಅಳೆದು ಬರೆದಿರೋ ಅಂದಾಜಿನಲ್ಲೋ ಎಂದೂ ಕೇಳಿ. ನನ್ನೂರಿನವರಿಗೆ: ಅಕ್ಕಂದಿರೇ, ಬಾಗಿಲು ಮುಂದೆ ಮಾಡಿ ಒಳಕೋಣೆಯಲ್ಲೇ ಅಳೆಯೋಣ. ಅಣ್ಣಂದಿರೇ, ಪ್ಯಾಂಟಿನ ನಂಬರು ಹೇಳಬೇಡಿ, ಎದ್ದು ನಿಲ್ಲಿ.